ಟಯರು ನೋಡುತ್ತಿದ್ದ ಕಾಕ

ಮೊದಲೇ ಹೇಳಿಬಿಡುತ್ತೇನೆ, ಓದುತ್ತಾ ಓದುತ್ತಾ ನೀವು ನನ್ನನ್ನು ಒಳ್ಳೆಯ ಹುಡುಗ ಎಂದುಕೊಳ್ಳುವುದು ಬೇಡ. ಆ ದಿನ ಬೆಳಿಗ್ಗೆ ಮಂಗಳೂರಿನ ಕೊಟ್ಟಾರದಲ್ಲಿ ನಿಂತಿದ್ದ ಬಸ್ಸನ್ನು ಹೊರಡಿಸಿದವನು ನಾನು. ಸ್ಟೇರಿಂಗ್ ಮುಟ್ಟಲಿಲ್ಲ, ಗೇರು ಹಾಕಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತು ಕಂಡಕ್ಟರರ ಸ್ವರದಲ್ಲಿ ಎರಡು ಶಬ್ದ ಕೂಗಿದೆ, ಅಷ್ಟೇ. ಬಸ್ಸು ಹೋಯಿತು. ಕಂಡಕ್ಟರೂ ನನ್ನ ಕ್ಲಾಸಿನ ಒಬ್ಬಳು ಹುಡುಗಿಯೂ ರಸ್ತೆಯ ಬದಿಯಲ್ಲಿ ಉಳಿದರು. ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡೇ ನಕ್ಕೆ.

ಆ ಕಂಡಕ್ಟರ್ ಹೋದ ತಿಂಗಳು ತೀರಿಕೊಂಡರು. ನಾವೆಲ್ಲ ಅವರನ್ನು ಕಾಕ ಎಂದು ಕರೆಯುತ್ತಿದ್ದೆವು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹೆಸರು ಹಾಕಿದರೆ ಅವರ ಮನೆಯವರಿಗೆ ಮುಜುಗರ. ಅದೂ ಅಲ್ಲದೆ ಹೆಸರು ಹೇಳಿದರೆ ಪಣಂಬೂರಿನಿಂದ ಕಂಕನಾಡಿಯವರೆಗೆ ಯಾರಿಗೂ ಗುರುತು ಹತ್ತುವುದಿಲ್ಲ. ಟಯರು ನೋಡುವ ಕಾಕ ಎಂದರೆ ಅರ್ಧ ಊರಿಗೆ ಗೊತ್ತು.

ನನ್ನ ಕಸುಬು ಮಿಮಿಕ್ರಿ. ಮೆಹೆಂದಿ, ಸೀಮಂತ, ಬರ್ತ್‌ಡೇ, ಕರೆದಲ್ಲಿಗೆ ಮೈಕು ಹಿಡಿದು ಹೋಗುತ್ತೇನೆ. ಪ್ರಿನ್ಸಿಪಾಲರ ಕೆಮ್ಮು, ಮೀನು ಮಾರುವ ಬಾಯಮ್ಮ ಸಿಟ್ಟು ಬಂದಾಗ ಬುಟ್ಟಿ ಮುಚ್ಚುವ ಗತ್ತು, ನನ್ನ ಅಪ್ಪ ಪೋರ್ಟಿನ ಶಿಫ್ಟು ಮುಗಿಸಿ ಬಂದು ಬೂಟು ಬಿಚ್ಚುವಾಗ ಬಿಡುವ ನಿಟ್ಟುಸಿರು, ಎಲ್ಲವೂ ನನ್ನ ಬಾಯಲ್ಲಿ ಉಂಟು. ನನ್ನ ಸ್ವಂತ ಸ್ವರ ಒಂದು ಮಾತ್ರ ಸರಿಯಾಗಿ ಬರುವುದಿಲ್ಲ. ಫೋನಿನಲ್ಲಿ ಯಾರಾದರೂ "ಯಾರು ಮಾತಾಡುದು?" ಎಂದರೆ ಎರಡು ಸೆಕೆಂಡು ಯೋಚಿಸಬೇಕಾಗುತ್ತದೆ.

ಕಾಕನ ಸ್ವರ ನನಗೆ ಸಿಕ್ಕಿದ್ದು ಪಿಯುಸಿಗೆ ಸೇರಿದ ವಾರದಲ್ಲಿ. ಮನೆ ಪಣಂಬೂರಿನಲ್ಲಿ, ಕಾಲೇಜು ಬಲ್ಮಠದಲ್ಲಿ, ನಡುವೆ ಅವರ ಬಸ್ಸು. ತೆಳ್ಳಗಿನ ಆಳು, ಮದರಂಗಿ ಹಚ್ಚಿ ಕೆಂಪಾದ ಗಡ್ಡ, ಯಾವಾಗಲೂ ಬಾಗಿಲಲ್ಲಿ. ಬಸ್ಸು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಜೋರು ಮಳೆ ಮುಖಕ್ಕೆ ಹೊಡೆದರೂ ಒಳಗೆ ಬರುತ್ತಿರಲಿಲ್ಲ. ಸ್ವರ ಶುರುವಾಗುವಾಗ ತುಕ್ಕು ಹಿಡಿದ ಗೇಟು ಎಳೆದ ಹಾಗೆ, ಮುಗಿಯುವಾಗ ಮೂಗಿನಲ್ಲಿ. "ರೈಟ್... ಪೋಯಿ!" ತುಳುವಿನ ಈ "ಪೋಯಿ"ಗೆ, ಅಂದರೆ ಹೋಗುವ ಎಂಬುದಕ್ಕೆ, ಅವರು ಒಂದು ಬಾಲ ಸೇರಿಸುತ್ತಿದ್ದರು. ಆ ಬಾಲ ಹಿಡಿಯಲಿಕ್ಕೆ ನನಗೆ ನಾಲ್ಕು ದಿನ ಬೇಕಾಯಿತು.

ಬೇರೆ ಬಸ್ಸಿನವರು ಸೀಟಿ ಊದುತ್ತಿದ್ದರು. ಕಾಕನ ಕುತ್ತಿಗೆಯಲ್ಲಿಯೂ ಒಂದು ಸೀಟಿ ನೇತಾಡುತ್ತಿತ್ತು, ಅದು ಬಾಯಿಗೆ ಹೋದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

"ಊದುದಿಲ್ವಾ ಕಾಕ? ಬ್ಯಾಟರಿ ಇಲ್ವಾ?" ಎಂದು ಕೆಣಕಿದೆ.

"ಊದಿದ್ರೆ ಕೆಲವು ಮಕ್ಕಳ ಎದೆ ಹಾರ್ತದೆ ಮಾರಾಯ. ಒಂದು ಬಸ್ಸು ಹೊರಡ್ಲಿಕ್ಕೆ ಒಬ್ಬರ ಎದೆ ಹಾರ್ಬೇಕಾ?"

ಅದೂ ಒಂದು ತಮಾಷೆ ಎಂದು ನಾವು ನಕ್ಕೆವು. ಅವರು ಹೇಳುವುದೆಲ್ಲ ನಮಗೆ ಹಾಗೆಯೇ ಕೇಳುತ್ತಿತ್ತು. ಸ್ಟಾಪಿನ ಹೆಸರು ಕೂಗುವುದು ಎಲ್ಲ ಕಂಡಕ್ಟರುಗಳೂ ಮಾಡುವ ಕೆಲಸ. ಕಾಕ ಮಾತ್ರ ಮುಂದೆ ನಡೆಯಲಿರುವುದನ್ನೆಲ್ಲ ಕೂಗುತ್ತಿದ್ದರು. ಸೇತುವೆ ಹತ್ತಿರ ಬಂದರೆ, "ಈಗ ಕೂಳೂರು ಸಂಕ. ಸಂಕದ ಮೇಲೆ ಬ್ಲಾಕ್ ಉಂಟು. ಐದು ನಿಮಿಷ ನಿಲ್ತದೆ. ಬಿಸಿ ಆಗ್ತದೆ. ಆಮೇಲೆ ಗಾಳಿ ಬರ್ತದೆ." ಮುದುಕಿಯರು "ಇವರಿಗೆ ಎಂತ ಮರ್ಲಾ, ಹುಚ್ಚಾ?" ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಅದನ್ನೇ ಮಾಡುತ್ತಿದ್ದೆ: "ಈಗ ಅಕೌಂಟೆನ್ಸಿ. ಐವತ್ತು ನಿಮಿಷ ನಿಲ್ತದೆ. ಬಿಸಿ ಆಗ್ತದೆ. ಗಾಳಿ ಬರುದಿಲ್ಲ." ಚಪ್ಪಾಳೆ ಬೀಳುತ್ತಿತ್ತು. ಆ ಘೋಷಣೆಗಳೆಲ್ಲ ಬಸ್ಸಿನ ಅರವತ್ತು ಜನರಲ್ಲಿ ಒಬ್ಬಳಿಗಾಗಿ ಎಂದು ತಿಳಿಯಲು ನನಗೆ ಒಂದು ವರ್ಷವೇ ಹಿಡಿಯಿತು.

ಅವಳು ದೀಕ್ಷಾ. ಪಣಂಬೂರಿನಲ್ಲೇ ಹತ್ತುತ್ತಿದ್ದಳು, ಕ್ಲಾಸಿನಲ್ಲಿ ನನಗಿಂತ ಎರಡು ಬೆಂಚು ಮುಂದೆ. ಬುದ್ಧಿವಂತೆ, ಆದರೆ ಬೆಳಿಗ್ಗೆಯಾದರೆ ಅವಳಿಗೆ ಹೊಟ್ಟೆನೋವು. ರವಿವಾರ ಇಲ್ಲ, ಸೋಮವಾರ ಉಂಟು. ರಜೆಯಲ್ಲಿ ಇಲ್ಲ, ಟೆಸ್ಟಿನ ದಿನ ಉಂಟು. ಗ್ಯಾಸ್ಟ್ರಿಕ್ ಎಂದು ಡಾಕ್ಟರು ಗುಳಿಗೆ ಕೊಟ್ಟರು. ಅವಳ ಅಮ್ಮ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಅಪ್ಪ, "ನಾವೆಲ್ಲ ಓದ್ಲಿಲ್ವಾ? ಇದೆಲ್ಲ ಕಾಲೇಜು ತಪ್ಪಿಸುವ ಉಪಾಯ" ಎಂದರು. ನಾನು? ಅವಳು ಬಸ್ಸಿನಲ್ಲಿ ಕೈಬೆರಳು ಒಂದೊಂದಾಗಿ ಹಿಸುಕಿಕೊಳ್ಳುತ್ತಾ "ಲೇಟ್ ಆಗ್ತದಾ? ಲೇಟ್ ಆಗ್ತದಾ?" ಎಂದು ಪಕ್ಕದವರನ್ನು ಕೇಳುವುದನ್ನು ಕಲಿತು ಕ್ಯಾಂಟೀನಿನಲ್ಲಿ ಪ್ರದರ್ಶನಕ್ಕೆ ಇಟ್ಟೆ. ಒಳ್ಳೆಯ ಐಟಮ್ಮು ಎಂದು ಹೆಸರು ಬಂತು.

ನಮ್ಮ ಊರಿನ ಸಿಟಿ ಬಸ್ಸುಗಳಲ್ಲಿ ಒಂದು ಕ್ರಮ ಉಂಟು. ನಿಂತಿರುವ ಮಕ್ಕಳು ತಮ್ಮ ಬ್ಯಾಗನ್ನು ಕೂತವರ ಮಡಿಲಿಗೆ ಕೊಡುತ್ತಾರೆ. ಗುರುತು ಬೇಡ, ಕೇಳುವುದೂ ಬೇಡ. ಇಳಿಯುವಾಗ ಬ್ಯಾಗು ಕೈಯಿಂದ ಕೈಗೆ ದಾಟಿ ಬಾಗಿಲಿಗೆ ಬರುತ್ತದೆ. ಕಾಕ ಮೊದಲು ಬಳಸಿಕೊಂಡದ್ದು ಈ ಕ್ರಮವನ್ನೇ. ದೀಕ್ಷಾಳನ್ನು ಬಾಗಿಲ ಪಕ್ಕದ ಸೀಟಿನಲ್ಲಿ ಕೂರಿಸಿ, ನಿಂತವರ ಬ್ಯಾಗುಗಳನ್ನೆಲ್ಲ ಅವಳ ಮಡಿಲಿಗೆ ಪೇರಿಸಿದರು. ನಾಲ್ಕು, ಐದು. "ಮೋಳೇ, ಇದು ನಿನ್ನ ಚಾರ್ಜು. ಯಾರದ್ದು ಯಾವುದು ಅಂತ ನೆನಪಿಡು. ತಪ್ಪಿದ್ರೆ ನನ್ನ ಮರ್ಯಾದೆ ಹೋಗ್ತದೆ." ಬ್ಯಾರಿ ಮಾತಿನಲ್ಲಿ ಮೋಳೆ ಎಂದರೆ ಮಗಳು. ಅಷ್ಟು ಭಾರ ಮಡಿಲಲ್ಲಿ ಕೂತರೆ ಅವಳ ಬೆರಳು ಹಿಸುಕುವುದು ನಿಲ್ಲುತ್ತಿತ್ತು.

ನಿಲ್ಲದ ದಿನಗಳೂ ಇದ್ದವು. ಸಂಕದ ಮೇಲೆ ಟ್ರಾಫಿಕ್ ಕಟ್ಟಿ ನಿಂತಾಗ ಅವಳ ಮುಖ ಸುಣ್ಣದ ಹಾಗೆ ಆಗುತ್ತಿತ್ತು, ಉಸಿರು ಮೇಲಿಂದ ಮೇಲೆ. ಆಗ ಕಾಕ ಸಂಕ ದಾಟಿದ ಕೂಡಲೇ "ಹೋಲ್ಡಾನ್! ಟಯರು ನೋಡ್ಬೇಕು!" ಎಂದು ಬಸ್ಸು ನಿಲ್ಲಿಸುತ್ತಿದ್ದರು. ಕೆಳಗಿಳಿದು ಹಿಂದಿನ ಟಯರಿಗೆ ಎರಡು ಒದೆ. ಬಗ್ಗಿ ನೋಡುವುದು. ಪುನಃ ಒಂದು ಒದೆ. ದೀಕ್ಷಾ ಅವರ ಮೊಬೈಲು ಹಿಡಿದು "ಟಯರಿಗೆ ಬೆಳಕು ಬಿಡಲಿಕ್ಕೆ" ಇಳಿಯಬೇಕು. ಹೀಗೆ ಎರಡು ನಿಮಿಷ ಅವಳು ಗಾಳಿಯಲ್ಲಿ ನಿಲ್ಲುವಳು. ಇಬ್ಬರೂ ಟಯರನ್ನೇ ನೋಡುತ್ತಾ ನಿಲ್ಲುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಮಂಗಳೂರಿನ ಬಸ್ಸಿಗೆ ಎರಡು ನಿಮಿಷ ಎಂದರೆ ಏನು ಎಂಬುದು ಇಲ್ಲಿಯವರಿಗೆ ಗೊತ್ತು. ಹಿಂದಿನ ಬಸ್ಸು ಕಿವಿ ಹರಿಯುವ ಹಾಗೆ ಹಾರ್ನ್ ಹೊಡೆಯುತ್ತದೆ, ಮುಂದೆ ಟೈಮ್ ಕೀಪರು ಗಡಿಯಾರ ಹಿಡಿದು ಕಾಯುತ್ತಾನೆ.

ಟೈ ಕಟ್ಟಿದ ಒಬ್ಬ ಪ್ರಯಾಣಿಕರಿಗೆ ಒಂದು ದಿನ ತಾಳ್ಮೆ ತಪ್ಪಿತು. "ಏನ್ರೀ ಇದು ದಿನಾ? ಆ ಹುಡುಗಿಗೆ ಹೆದರ್ಬೇಡ ಅಂತ ಎರಡು ಮಾತು ಹೇಳಿ, ಮುಗೀತು."

"ಹೇಳ್ಬಹುದು ಸಾರ್," ಎಂದರು ಕಾಕ, ಟಯರಿನಿಂದ ಕಣ್ಣು ತೆಗೆಯದೆ. "ಆಗ ಹೆದರಿದ್ದಕ್ಕೆ ಮತ್ತೊಂದು ಹೆದರಿಕೆ ಶುರು ಆಗ್ತದೆ. ಈಗ ಒಂದೇ ಉಂಟು, ಇರ್ಲಿ."

ಆದರೆ ಅವಳನ್ನು ಮನೆಗೆ ಮಾತ್ರ ಕಳಿಸುತ್ತಿರಲಿಲ್ಲ. "ನಾನು ವಾಪಸ್ ಹೋಗ್ತೇನೆ ಕಾಕ" ಎಂದು ಅತ್ತ ದಿನವೂ "ಹೋಗುವ ಮೋಳೇ, ಮುಂದಿನ ಸ್ಟಾಪಿನಿಂದ ಹೋಗುವ" ಎಂದು ಹತ್ತಿಸಿಕೊಳ್ಳುತ್ತಿದ್ದರು. ಮುಂದಿನ ಸ್ಟಾಪಿನಲ್ಲಿಯೂ ಅದೇ ಮಾತು. ಹಾಗೆ ಹೇಳುತ್ತಾ ಬಲ್ಮಠ ಬರುತ್ತಿತ್ತು. ಟಯರು ನೋಡುವ ಜಾಗವೂ ತಿಂಗಳಿಂದ ತಿಂಗಳಿಗೆ ಮುಂದೆ ಹೋಯಿತು, ಮೊದಲು ಕೂಳೂರು, ಆಮೇಲೆ ಕೊಟ್ಟಾರ. ಸೆಕೆಂಡ್ ಪಿಯುಸಿಯ ಫೆಬ್ರವರಿಯಲ್ಲಿ ಸತತ ಹನ್ನೊಂದು ದಿನ ಟಯರು ನೋಡಲೇ ಇಲ್ಲ. ಹನ್ನೆರಡನೆಯ ದಿನ ಕಾಕ ಬಾಗಿಲಲ್ಲಿ ನಿಂತು ಇಡೀ ಬಸ್ಸಿಗೆ ಕೇಳುವ ಹಾಗೆ ಘೋಷಿಸಿದರು: "ನಮ್ಮ ಟಯರು ಈಗ ಭಾರೀ ಗಟ್ಟಿ!" ದೀಕ್ಷಾ ನಕ್ಕಳು. ಎರಡು ವರ್ಷದಲ್ಲಿ ನಾನು ಅವಳ ಹಲ್ಲು ಕಂಡದ್ದು ಆಗಲೇ.

ಇದೆಲ್ಲ ಇವರಿಗೆ ಹೇಗೆ ಗೊತ್ತು ಎಂದು ನನಗೆ ಕುತೂಹಲ. ಯಾವ ಪುಸ್ತಕವನ್ನೂ ಓದಿದವರಲ್ಲ. ಉತ್ತರ ಸಿಕ್ಕಿದ್ದು ಅವರ ಅಡ್ಡಹೆಸರಿನಿಂದ. ಕಂಕನಾಡಿ ಸ್ಟ್ಯಾಂಡಿನಲ್ಲಿ ಅವರ ಕಡೆಯವರು ಅವರನ್ನು "ಹತ್ತೊಂಬತ್ತು" ಎಂದು ಕರೆಯುತ್ತಿದ್ದರು. ಕೇಳಿದೆ.

"ನಾನು ಗಲ್ಫಿನಲ್ಲಿ ಇದ್ದದ್ದು ಹತ್ತೊಂಬತ್ತು ದಿನ," ಎಂದರು. "ನಮ್ಮದು ವ್ಯಾಪಾರದ ಮನೆ, ಅಣ್ಣಂದಿರೆಲ್ಲ ಅಲ್ಲಿ ಸೆಟ್ಲು. ನನ್ನನ್ನೂ ಕಳಿಸಿದ್ರು. ಒಂದು ರೂಮು, ಎಂಟು ಜನ, ಕಿಟಕಿ ಇಲ್ಲ. ಬಾಗಿಲು ಹಾಕಿದ ಕೂಡ್ಲೇ ನಾನು ಸಾಯ್ತೇನೆ ಅಂತ ಆಗುದು. ದಿನಾ ಸಾಯುದು. ಹತ್ತೊಂಬತ್ತು ಸಲ ಸತ್ತು ವಾಪಸ್ ಬಂದೆ. ಏರ್‌ಪೋರ್ಟಿನಲ್ಲಿ ಅಪ್ಪ ಕೇಳಿದ್ದು ಒಂದೇ, ಜನರಿಗೆ ನಾನು ಎಂತ ಹೇಳುದು ಅಂತ. ನನಗೆ ಎಂತ ಆಯ್ತು ಅಂತ ಇವತ್ತಿನವರೆಗೆ ಯಾರೂ ಕೇಳ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿನಗೂ ಉಂಟಲ್ಲ ಮಾರಾಯ ಅದು" ಎಂದರು.

"ನನಗಾ? ನನಗೆ ಎಂತ ಹೆದರಿಕೆ ಕಾಕ!"

"ಪರೀಕ್ಷೆ ದಿನ ನೀನು ಮಾತಾಡುದು ಹೆಚ್ಚು. ಅವಳದ್ದು ಹೊಟ್ಟೆಯಲ್ಲಿ ಕೂರ್ತದೆ, ನಿನ್ನದು ಬಾಯಿಂದ ಬರ್ತದೆ. ಬಾಯಿಂದ ಬರುವವನಿಗೆ ಜನ ಚಪ್ಪಾಳೆ ಹೊಡೀತಾರೆ. ಅಷ್ಟೇ ವ್ಯತ್ಯಾಸ."

ನಾನು ತಕ್ಷಣ ಅವರ ಸ್ವರದಲ್ಲಿ ಅದನ್ನೇ ತಿರುಗಿ ಹೇಳಿದೆ. ಅವರು ನಕ್ಕರು.

ಮಾರ್ಚ್ ತಿಂಗಳು, ಫೈನಲ್ ಪರೀಕ್ಷೆಯ ಮೊದಲ ದಿನ. ಬಸ್ಸು ತುಂಬಾ ಯೂನಿಫಾರ್ಮು. ಕೊಟ್ಟಾರ ಮುಟ್ಟುವಾಗ ದೀಕ್ಷಾಳ ತುಟಿ ಬಿಳಿ. ಕಾಕ ಕೂಗಿದರು: "ಹೋಲ್ಡಾನ್! ಟಯರು!" ಇಬ್ಬರೂ ಇಳಿದರು. ಅವಳ ಬ್ಯಾಗು ಪಕ್ಕದ ಹೆಂಗಸಿನ ಮಡಿಲಲ್ಲಿ ಉಳಿಯಿತು, ಅದರಲ್ಲಿ ಹಾಲ್ ಟಿಕೆಟು.

ಬಸ್ಸು ಸುಮ್ಮನೆ ನಿಂತಿತ್ತು. ಎಲ್ಲರೂ ತುಟಿ ಅಲ್ಲಾಡಿಸಿ ನೋಟ್ಸು ಓದುತ್ತಿದ್ದರು. ನನಗೆ ಆ ಸದ್ದಿಲ್ಲದ್ದು ತಡೆಯಲಿಕ್ಕೆ ಆಗಲಿಲ್ಲ. ಓದಿದ್ದೆಲ್ಲ ತಲೆಯಿಂದ ಸೋರಿ ಹೋಗುತ್ತಿರುವ ಹಾಗೆ ಆಯಿತು. ಏನಾದರೂ ಮಾಡಬೇಕಿತ್ತು, ಯಾರಾದರೂ ನಗಬೇಕಿತ್ತು. ಬಾಯಿ ತೆರೆದೆ: "ರೈಟ್... ಪೋಯಿ!" ಬಾಲ ಸಮೇತ.

ಅಷ್ಟು ಚೆನ್ನಾಗಿ ಅದು ಹಿಂದೆಂದೂ ಬಂದಿರಲಿಲ್ಲ. ಡ್ರೈವರಣ್ಣ ಗೇರು ಹಾಕಿದರು. ಹಿಂದಿನ ಬಸ್ಸು ಅದಾಗಲೇ ಮೈಮೇಲೆ ಬರುತ್ತಿತ್ತು, ಅವರು ಕನ್ನಡಿ ನೋಡಲಿಲ್ಲ. ಯಾರೋ "ಕಂಡಕ್ಟರ್ ಕೆಳಗೆ!" ಎಂದರು. ಅದರಲ್ಲಿ ವಿಶೇಷ ಇಲ್ಲ, ಕಂಡಕ್ಟರುಗಳು ಯಾವಾಗಲೂ ಕೆಳಗೇ. ಓಡಿಬಂದು ಹಿಂದಿನ ಬಾಗಿಲಿಗೆ ನೇತುಬೀಳುತ್ತಾರೆ. ಕಾಕನೂ ಓಡಬಹುದಿತ್ತು. ಹಿಂದಿನ ಗಾಜಿನಿಂದ ನಾನು ನೋಡಿದೆ. ಅವರು ಒಂದು ಹೆಜ್ಜೆ ಎತ್ತಿದರು. ದೀಕ್ಷಾ ಅವರ ಅಂಗಿಯ ತೋಳು ಹಿಡಿದುಕೊಂಡಿದ್ದಳು. ಎತ್ತಿದ ಹೆಜ್ಜೆಯನ್ನು ಅವರು ಅಲ್ಲಿಯೇ ಇಟ್ಟರು.

ಹಿಂದಿನ ಸೀಟೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದುಕೊಂಡೆ. ಲಾಲ್‌ಬಾಗ್ ಸ್ಟಾಪು ಬಂತು. ಟೈಮ್ ಕೀಪರ್ ಕಂಡಕ್ಟರನ್ನು ಕೇಳಿದಾಗಲೇ ಡ್ರೈವರಣ್ಣನಿಗೆ ಗೊತ್ತಾದದ್ದು. ಕಾಕನಿಗೆ ಫೋನು ಮಾಡಿದರು. ಫೋನಿನಿಂದ ಹೊರಗೆ ಕೇಳಿದ್ದು ಇಷ್ಟು: "ನೀನು ಹೋಗು. ಮಕ್ಕಳಿಗೆ ಪರೀಕ್ಷೆ ಉಂಟು. ಇವಳನ್ನು ನಾನು ತರ್ತೇನೆ." ಹೇಳಲಿಕ್ಕೆ ನನಗೆ ಅದೇ ಸಮಯ. ಹಿಂದೆ ಓಡಲಿಕ್ಕೂ ಅದೇ ಸಮಯ. ದಿನವಿಡೀ ನಿಲ್ಲದ ನನ್ನ ಬಾಯಿಯಿಂದ ಒಂದು ಅಕ್ಷರವೂ ಹೊರಡಲಿಲ್ಲ. ನಕ್ಕ ಗೆಳೆಯರೂ ನನ್ನ ಹೆಸರು ಹೇಳಲಿಲ್ಲ. ಬಲ್ಮಠದಲ್ಲಿ ಅವಳ ಬ್ಯಾಗು ತೆಗೆದುಕೊಂಡು ಇಳಿದೆ, ಕಾಲೇಜಿನ ವಾಚ್‌ಮ್ಯಾನ್ ಕೈಗೆ ಕೊಟ್ಟೆ, ಒಳಗೆ ಹೋಗಿ ಪರೀಕ್ಷೆ ಬರೆದೆ. ಪಾಸೂ ಆದೆ.

ಕಾಕ ಎರಡು ರಿಕ್ಷಾ ನಿಲ್ಲಿಸಿದರಂತೆ. ಅವಳು ಒಂದು ಕಾಲು ಒಳಗಿಟ್ಟು ಹಿಂದೆ ತೆಗೆದಳಂತೆ. ಹಿಂದಿನಿಂದ ಬಂದ ಬಸ್ಸಿಗೂ ಹತ್ತಲಿಲ್ಲ. ಅವಳ ಅಪ್ಪ ಫ್ಯಾಕ್ಟರಿಯ ಒಳಗೆ, ಅಲ್ಲಿ ಫೋನು ಬಿಡುವುದಿಲ್ಲ. ಕೊನೆಗೆ ಕಾಕ ಆ ಬಿಸಿಲಿನಲ್ಲಿ ಅವಳನ್ನು ನಡೆಸಿಕೊಂಡು ಬಂದರು, ಕೊಟ್ಟಾರದಿಂದ ಬಲ್ಮಠದವರೆಗೆ, ನೂರು ಹೆಜ್ಜೆಗೊಮ್ಮೆ ನಿಂತು. ಮುಟ್ಟುವಾಗ ಗೇಟು ಹಾಕಿ ಎಷ್ಟೋ ಹೊತ್ತಾಗಿತ್ತು. ವಾಚ್‌ಮ್ಯಾನ್ ಗೇಟಿನ ಸಂದಿನಿಂದ ಬ್ಯಾಗು ಕೊಟ್ಟನು.

ಮಧ್ಯಾಹ್ನ ನಾನು ಹೊರಗೆ ಬಂದಾಗ ಬಸ್ ಸ್ಟಾಪಿನಲ್ಲಿ ಜನ. ಬಸ್ಸಿನ ಮಾಲಕರ ಕಡೆಯವನು ಬೈಕಿನಲ್ಲಿ ಬಂದು ಕಾಕನನ್ನು ನಿಲ್ಲಿಸಿ ಕೇಳುತ್ತಿದ್ದ. "ರೈಟ್ ಕೊಟ್ಟದ್ದು ಯಾರು? ಡ್ರೈವರ್ ಹೇಳ್ತಾನೆ ನಿಮ್ಮದೇ ಸ್ವರ ಅಂತ."

ಕಾಕ ನನ್ನನ್ನು ನೋಡಿದರು. ಒಂದು ಕ್ಷಣ, ಅಷ್ಟೇ.

"ನಾನೇ ಕೊಟ್ಟದ್ದು," ಎಂದರು. "ತಲೆ ಸರಿ ಇರ್ಲಿಲ್ಲ. ರೈಟ್ ಕೊಟ್ಟೆ, ಹತ್ಲಿಕ್ಕೆ ಮರ್ತೆ."

ಜನ ಚದುರಿದ ಮೇಲೆ ಹತ್ತಿರ ಹೋದೆ. "ಕಾಕ, ಯಾಕೆ..."

"ಹೆಸರು ಹೇಳಿದ್ರೆ ಕಾಲೇಜಿನವರು ನಿನ್ನನ್ನು ಕೂರಿಸ್ತಾರಾ ನಾಳೆ? ಒಂದು ಮಗುವಿನ ಪರೀಕ್ಷೆ ಹೋಗಿದೆ. ಎರಡನೇದ್ದು ಯಾಕೆ? ಹೋಗು, ಓದು."

ದೀಕ್ಷಾ ಉಳಿದ ಪರೀಕ್ಷೆಗಳಿಗೂ ಬರಲಿಲ್ಲ. ಬಸ್ಸಿಗೂ ಬರಲಿಲ್ಲ. ಕಾಕನನ್ನು ಬಸ್ಸಿನಿಂದ ತೆಗೆದರು. ದಾರಿಯಲ್ಲಿ ಬಸ್ಸು ಬಿಟ್ಟ ಕಂಡಕ್ಟರನ್ನು ಬೇರೆ ಯಾರೂ ಇಟ್ಟುಕೊಳ್ಳಲಿಲ್ಲ. ಅವರ ಅಣ್ಣನ ಮಗ ಕಂಕನಾಡಿ ಮಾರ್ಕೆಟಿನ ತನ್ನ ಒಣಮೀನಿನ ಅಂಗಡಿಯಲ್ಲಿ ಕೆಲಸ ಕೊಟ್ಟ. ಹಿಂದಿನ ಗೋಡೌನಿನಲ್ಲಿ ಮೂಟೆ ಲೆಕ್ಕ ನೋಡುವುದು. ಕಿಟಕಿ ಇಲ್ಲದ ಕೋಣೆ.

ಒಂದು ವರ್ಷ ನಾನು ಆ ರಸ್ತೆಯ ಆಚೆ ಬದಿಯಿಂದ ಹೋದೆ. ಒಂದು ದಿನ ಅವರೇ ಕರೆದರು. ಗೋಡೌನಿನ ಬಾಗಿಲಿಗೆ ಒಂದು ಮೂಟೆ ಅಡ್ಡ ಇಟ್ಟಿದ್ದರು, ಮುಚ್ಚಿಕೊಳ್ಳಬಾರದೆಂದು. ಗಡ್ಡಕ್ಕೆ ಬಣ್ಣ ಇರಲಿಲ್ಲ.

"ದೊಡ್ಡ ಜನ ಆಗಿದ್ದೀ ಅಂತೆ, ಸ್ಟೇಜಿನಲ್ಲೆಲ್ಲ. ನನ್ನ ಸ್ವರ ಒಮ್ಮೆ ಮಾಡು ಮಾರಾಯ. ಕೇಳದೆ ಎಷ್ಟು ಸಮಯ ಆಯ್ತು."

"ಬೇಡ ಕಾಕ."

"ಮಾಡು."

ಮಾಡಿದೆ. ತೀರಾ ಮೆಲ್ಲಗೆ. ಅವರು ಕಣ್ಣು ಮುಚ್ಚಿ ಕೇಳಿದರು. "ಮೂಗು ಸ್ವಲ್ಪ ಹೆಚ್ಚಾಯ್ತು," ಎಂದರು. ನಾನು ಕ್ಷಮೆ ಕೇಳಬೇಕೆಂದು ಹೊರಟಾಗ ಕೈ ಅಡ್ಡ ಹಿಡಿದರು. "ನನಗೆ ಬೇಡ ಅದು. ಕೊಡ್ಬೇಕಾದಲ್ಲಿ ಕೊಡು."

ಕೊಡಲಿಲ್ಲ. ಪಣಂಬೂರಿನಲ್ಲಿ ಅವಳ ಮನೆ ನಮ್ಮ ಮನೆಯಿಂದ ಆರು ನಿಮಿಷದ ದಾರಿ. ಆ ಆರು ನಿಮಿಷ ನಡೆಯಲು ನನಗೆ ಮೂರು ವರ್ಷ ಸಾಲಲಿಲ್ಲ.

ಸಾವಿನ ಸುದ್ದಿ ಹೇಳಿದ್ದು ಹಳೆಯ ಡ್ರೈವರಣ್ಣ. ಒಂದು ಸೀಮಂತದ ಊಟದ ಹಾಲ್‌ನಲ್ಲಿ ನಾನು ಮೈಕು ಹಿಡಿದು ಬಸ್ ಕಂಡಕ್ಟರುಗಳ ಐಟಮ್ ಮಾಡಿ ಇಳಿದಿದ್ದೆ. "ನಿನ್ನೆ ಮಧ್ಯಾಹ್ನ," ಎಂದರು. "ಗೋಡೌನಿನಲ್ಲೇ. ಎದೆ." ಕೈ ತೊಳೆಯುತ್ತಾ ಮತ್ತೊಂದು ಮಾತು ಹೇಳಿದರು. ಪ್ರತಿ ಶುಕ್ರವಾರ ಅಂಗಡಿಗೆ ರಜೆ. ನಮಾಜು ಮುಗಿಸಿ ಕಾಕ ಪಣಂಬೂರಿಗೆ ಬರುತ್ತಿದ್ದರು. ದೀಕ್ಷಾಳನ್ನು ಮನೆಯಿಂದ ಬಸ್ ಸ್ಟಾಪಿನವರೆಗೆ ನಡೆಸಿಕೊಂಡು ಬಂದು, ಬೆಂಚಿನಲ್ಲಿ ಕೂತು ಇಬ್ಬರೂ ಬಸ್ಸು ನೋಡುತ್ತಿದ್ದರು. "ನಾನು ನಿಲ್ಲಿಸಿದ್ರೆ ಕೈ ಮಾಡುದು, ಹೋಗು ಹೋಗು ಅಂತ. ಹತ್ಲಿಕ್ಕೆ ಅವಸರ ಇಲ್ಲ, ನೋಡಿ ಅಭ್ಯಾಸ ಆಗ್ಲಿ ಅಂತ ಹೇಳ್ತಿದ್ರು. ನಾಲ್ಕು ವರ್ಷ ಮಾರಾಯ. ಆ ಹುಡುಗಿ ಒಂದು ದಿನವೂ ಹತ್ಲಿಲ್ಲ."

ಮರುದಿನ ಸಂಜೆ ಕಂಕನಾಡಿಯಲ್ಲಿ ಅವರ ಮನೆಗೆ ಹೋದೆ. ಗಂಡಸರು ಅಂಗಳದ ಕುರ್ಚಿಗಳಲ್ಲಿ, ಹೆಂಗಸರು ಒಳಗೆ. ಅವರ ಅಣ್ಣನ ಮಗ ಯಾರಿಗೋ ಹೇಳುತ್ತಿದ್ದ: "ಎಲ್ಲ ಇತ್ತು, ಧೈರ್ಯ ಒಂದು ಇರ್ಲಿಲ್ಲ ಅವರಿಗೆ." ನಾನು ಎದ್ದು ನಿಂತೆ. ಹೇಳಬೇಕಾದ್ದು ಬಹಳ ಇತ್ತು, ಯಾರ ಸ್ವರದಲ್ಲಿ ಹೇಳುವುದೆಂದು ತಿಳಿಯಲಿಲ್ಲ. ಗೇಟಿನ ಕಡೆ ನಡೆದೆ.

ಅಷ್ಟರಲ್ಲಿ ಒಳಗಿನಿಂದ ದೀಕ್ಷಾ ಬಂದಳು, ತಲೆಗೆ ಶಾಲು. ಸಪೂರ ಆಗಿದ್ದಳು. ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ಬಂದಾಗ ನಾನು ಅವಳ ಎದುರು ಹೋಗಿ ನಿಂತೆ. ನಾಲ್ಕು ವರ್ಷ ಬಾಯಲ್ಲಿ ಇಟ್ಟುಕೊಂಡದ್ದು ಒಂದೇ ಉಸಿರಿಗೆ ಹೊರಗೆ ಬಂತು.

"ದೀಕ್ಷಾ, ಆ ದಿನ ರೈಟ್ ಹೇಳಿದ್ದು ಕಾಕ ಅಲ್ಲ, ನಾನು. ನನಗೂ ಹೆದರಿಕೆ ಆಗಿತ್ತು, ನಗಾಡ್ಲಿಕ್ಕೆ ಅಂತ ಹೇಳಿದೆ. ನಾನು ದಿನಾ ಅದನ್ನೇ... ಸಾರಿ. ಸಾರಿ ಹೇಳ್ಬೇಕಿತ್ತು ನಿನಗೆ."

ಅವಳು ಬೆರಳು ಹಿಸುಕಿಕೊಳ್ಳುತ್ತಿದ್ದಳು, ಒಂದೊಂದಾಗಿ. ಕಣ್ಣು ನನ್ನ ಮೇಲೆ ಇರಲಿಲ್ಲ, ನನ್ನ ಹೆಗಲಿನ ಆಚೆ ರಸ್ತೆಯ ಮೇಲೆ ಇತ್ತು.

"ನಿನ್ನ ಸ್ವರ ನನಗೆ ಆವತ್ತೇ ಗೊತ್ತಾಗಿತ್ತು," ಎಂದಳು. "ನಾನು ಇವತ್ತು ಪಣಂಬೂರಿನಿಂದ ಒಬ್ಬಳೇ ಬಸ್ಸು ಹತ್ತಿ ಬಂದಿದ್ದೇನೆ. ವಾಪಸ್ ಹೋಗುವ ಬಸ್ಸು ಅಲ್ಲಿ ಬರ್ತಾ ಉಂಟು. ನೀನು ಅಡ್ಡ ನಿಂತಿದ್ದೀ."